ಕಾಡಿನ ದೈತ್ಯ ಮರ ಅಳೆಯಲು ಕೋಲು ಸಾಕಾ, ಲೇಸರ್ ಬೇಕಾ?

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಧೂಮದ ಮರದ ಬುಡಕ್ಕೆ ನಿಂತು ಮೇಲೆ ನೋಡಿದವರಿಗೆ ಬರುವ ಪ್ರಶ್ನೆ ಒಂದೇ. ಇದು ಎಷ್ಟು ಎತ್ತರ ಇರಬಹುದು? ಒಬ್ಬರು ನೂರು ಅಡಿ ಎನ್ನುತ್ತಾರೆ, ಪಕ್ಕದವರು ಇನ್ನೂರು ಎನ್ನುತ್ತಾರೆ. ಸರಿ, ಅಳೆದೇ ಬಿಡೋಣ ಎಂದು ಹೊರಟರೆ ಅಲ್ಲಿ ಇನ್ನೊಂದು ಗೊಂದಲ. ಫೋನಿನ ಆ್ಯಪ್ ನಂಬಬಹುದಾ? ದುಡ್ಡು ಹಾಕಿ ಲೇಸರ್ ತೆಗೆದುಕೊಳ್ಳಬೇಕಾ? ಡ್ರೋನ್ ಇದ್ದವರನ್ನು ಕರೆಸುವುದು ಸುಲಭವಾ? ಹೀಗೆ ಕೇಳಿದವರಲ್ಲಿ ಶಾಲೆಯ ಮೇಷ್ಟ್ರಿದ್ದಾರೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ದೊಡ್ಡ ಮರ ಉಳಿಸಿಕೊಂಡ ಅಡಿಕೆ ತೋಟದವರಿದ್ದಾರೆ, ಶಿರಸಿಯ ಅರಣ್ಯ ಕಾಲೇಜಿನ ವಿದ್ಯಾರ್ಥಿಗಳೂ ಇದ್ದಾರೆ. ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ.

ಮೊದಲೇ ಒಂದು ಮಾತು. ಅಳತೆ ಕೆಡುವುದು ಸಾಧನ ಅಗ್ಗದ್ದು ಅಂತ ಅಲ್ಲ. ಜಾಸ್ತಿ ಸಲ ಕೆಡುವುದು ನಾವು ತುದಿ ಅಂದುಕೊಂಡದ್ದು ತುದಿ ಆಗಿರುವುದಿಲ್ಲ ಎಂಬ ಕಾರಣಕ್ಕೆ. ಇದು ತಲೆಯಲ್ಲಿದ್ದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲ ಪ್ರಶ್ನೆ: ಅಳತೆ ಯಾತಕ್ಕೆ? ಮಕ್ಕಳಿಗೆ ತೋರಿಸಲು ಎರಡು ಮೂರು ಮೀಟರ್ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಇದು ತಾಲೂಕಿನಲ್ಲೇ ಎತ್ತರದ ಮರ ಎಂದು ಹೇಳಿಕೊಳ್ಳಬೇಕಾದರೆ ಅರ್ಧ ಮೀಟರೂ ಲೆಕ್ಕಕ್ಕೆ ಬರುತ್ತದೆ. ಹತ್ತು ವರ್ಷ ಬಿಟ್ಟು ಮತ್ತೆ ಅಳೆದು ಬೆಳವಣಿಗೆ ನೋಡುವುದಾದರೆ ಇನ್ನೂ ಬಿಗಿ ಬೇಕು.

ಎರಡನೆಯದು, ತುದಿಯೂ ಬುಡವೂ ಒಂದೇ ಜಾಗದಿಂದ ಕಾಣುತ್ತವೆಯಾ? ಊರ ಬಯಲಿನ ಬೂರುಗದ ಮರಕ್ಕೆ ಇದು ಪ್ರಶ್ನೆಯೇ ಅಲ್ಲ. ಕಾನಿನ, ಅಂದರೆ ದಟ್ಟ ಕಾಡಿನ, ಒಳಗೆ ಇದೇ ದೊಡ್ಡ ಪ್ರಶ್ನೆ. ಬೆತ್ತದ ಹಿಂಡು, ಬಳ್ಳಿ, ಕೆಳಗಿನ ಸಣ್ಣ ಮರಗಳ ಸೊಪ್ಪು ಎಲ್ಲ ಅಡ್ಡ ಬರುತ್ತವೆ. ಬುಡ ಕಂಡಲ್ಲಿಂದ ತುದಿ ಕಾಣುವುದಿಲ್ಲ. ತುದಿ ಕಂಡಲ್ಲಿಂದ ಬುಡ ಮಾಯ.

ಮೂರನೆಯದು ನೆಲ. ಘಟ್ಟದ ಮೇಲಾಗಲಿ ಕೆಳಗಾಗಲಿ, ನಮ್ಮಲ್ಲಿ ಸಮತಟ್ಟಾದ ಕಾಡು ಎಲ್ಲಿದೆ ಹೇಳಿ? ಮರ ದರೆಯ ಅಂಚಿನಲ್ಲಿ, ನೀವು ಹಳ್ಳದಲ್ಲಿ. ಇಳಿಜಾರಿನಲ್ಲಿ ಕೆಲಸ ಮಾಡದ ವಿಧಾನ ಇಲ್ಲಿ ಬಹಳ ಪ್ರಯೋಜನಕ್ಕೆ ಬರುವುದಿಲ್ಲ.

ಆಮೇಲೆ ದುಡ್ಡು, ಅನುಮತಿ, ಅಪಾಯ. ದುಡ್ಡಿನ ವಿಷಯದಲ್ಲಿ ಕೊಳ್ಳುವುದನ್ನಷ್ಟೇ ಯೋಚಿಸಬೇಡಿ. ಎರವಲು ತರುವುದೂ ಒಂದು ದಾರಿ.

ಕೋಲು ಮತ್ತು ನೆರಳು

ಖರ್ಚಿಲ್ಲದ ವಿಧಾನ ಇದು. ಕೈ ನೇರ ಚಾಚಿ ಕೋಲನ್ನು ಲಂಬವಾಗಿ ಹಿಡಿಯಿರಿ. ಕಣ್ಣಿನಿಂದ ಮುಷ್ಟಿಗೆ ಎಷ್ಟು ದೂರವೋ ಮುಷ್ಟಿಯ ಮೇಲೆ ಕೋಲೂ ಅಷ್ಟೇ ಉದ್ದ ಇರಬೇಕು. ಮುಷ್ಟಿ ಬುಡಕ್ಕೆ, ಕೋಲಿನ ತುದಿ ಮರದ ತುದಿಗೆ ಸರಿಯಾಗಿ ಕೂರುವ ತನಕ ಹಿಂದೆ ಹೋಗುತ್ತಾ ಇರಿ. ಅಲ್ಲಿಂದ ಬುಡಕ್ಕೆ ಇರುವ ದೂರವೇ ಮರದ ಎತ್ತರ.

ಶಾಲೆಯ ಮೈದಾನದ ಅಂಚಿನ ಮರಕ್ಕೆ ಇದು ಚೆಂದ. ಮಕ್ಕಳಿಗೆ ಸಮರೂಪ ತ್ರಿಭುಜ ಪುಸ್ತಕದ ಹೊರಗೆ ಸಿಗುತ್ತದೆ. ಆದರೆ 40 ಮೀಟರಿನ ಮರಕ್ಕೆ 40 ಮೀಟರ್ ಹಿಂದೆ ಹೋಗಬೇಕು, ಅದೂ ಸಮ ನೆಲದಲ್ಲಿ. ಕಾನಿನಲ್ಲಿ ಹತ್ತು ಹೆಜ್ಜೆ ಹಿಂದೆ ಹೋದರೆ ಮರವೇ ಕಾಣುವುದಿಲ್ಲ. ನೆರಳು ಅಳೆಯುವ ವಿಧಾನವಂತೂ ದಟ್ಟ ಕಾಡಿನಲ್ಲಿ ಬೇಡವೇ ಬೇಡ. ಅಲ್ಲಿ ಇಡೀ ನೆಲವೇ ನೆರಳು.

ಫೋನಿನ ಆ್ಯಪ್, ಕೋನಮಾಪಕ, ಕ್ಲೈನೋಮೀಟರ್

ಈ ಮೂರನ್ನೂ ಒಟ್ಟಿಗೆ ಇಡುತ್ತೇನೆ, ಯಾಕೆಂದರೆ ಹಿಂದಿನ ಲೆಕ್ಕ ಒಂದೇ. ಮರಕ್ಕೆ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆಯುತ್ತೀರಿ, ತುದಿಗೆ ಎಷ್ಟು ಕೋನ ಎಂದು ನೋಡುತ್ತೀರಿ, ದೂರವನ್ನು ಕೋನದ ಟ್ಯಾಂಜೆಂಟಿನಿಂದ ಗುಣಿಸುತ್ತೀರಿ, ಸಮ ನೆಲದಲ್ಲಾದರೆ ನಿಮ್ಮ ಕಣ್ಣಿನ ಎತ್ತರವನ್ನೂ ಕೂಡಿಸುತ್ತೀರಿ. ಹತ್ತನೇ ಕ್ಲಾಸಿನ ತ್ರಿಕೋನಮಿತಿ ಅಷ್ಟೆ. ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ ಒಂದು ನಟ್ ತೂಗಿಬಿಟ್ಟರೂ ಕೋನ ಸಿಗುತ್ತದೆ. ಫೋನ್ ತನ್ನೊಳಗಿನ ಸೆನ್ಸರಿನಿಂದ ಅದನ್ನೇ ಮಾಡುತ್ತದೆ. ಕೋನ ಅಳೆಯಲೆಂದೇ ಮಾಡಿದ, ಸುಂಟೊ ಕಂಪನಿಯದರಂಥ ಕ್ಲೈನೋಮೀಟರ್ ಕೋನವನ್ನು ಇನ್ನೂ ಚೊಕ್ಕ ಓದುತ್ತದೆ. ಬ್ಯಾಟರಿ ಬೇಡ, ಮಳೆಗೆ ಹೆದರುವುದಿಲ್ಲ, ವರ್ಷಗಟ್ಟಲೆ ಬಾಳಿಕೆ ಬರುತ್ತದೆ.

ಕೋನದಲ್ಲಿ ಒಂದು ಡಿಗ್ರಿ ತಪ್ಪಿದರೆ ಏನಾಗುತ್ತದೆ? 40 ಮೀಟರ್ ದೂರದಿಂದ 45 ಡಿಗ್ರಿಗೆ ನೋಡುವಾಗ ಎತ್ತರ ಸುಮಾರು 1.4 ಮೀಟರ್ ಹೆಚ್ಚುಕಮ್ಮಿ. ಇದನ್ನು ಸಹಿಸಿಕೊಳ್ಳಬಹುದು. ನಾಲ್ಕೈದು ಸಲ ಓದಿ ಸರಾಸರಿ ತೆಗೆದರೆ ಇನ್ನೂ ಇಳಿಯುತ್ತದೆ.

ನಿಜವಾದ ತೊಂದರೆ ಬೇರೆಯೇ. ತುದಿ ಬುಡದ ನೆಟ್ಟ ಮೇಲೆ ಇದೆ ಎಂದು ಈ ಲೆಕ್ಕ ನಂಬಿಕೊಂಡಿದೆ. ಅಡಿಕೆ ಮರಕ್ಕೆ ಅದು ಸರಿ. ಧೂಮ, ನಂದಿ, ಹೆಬ್ಬಲಸು, ಜರ್ಮಲೆಗಳ ತಲೆ ಬಿಚ್ಚಿದ ಕೊಡೆಯ ಹಾಗೆ ಅಗಲ. ಕೆಳಗಿನಿಂದ ನೋಡುವಾಗ ನಿಮ್ಮ ಕಡೆಗೆ ಚಾಚಿದ ಹತ್ತಿರದ ಕೊಂಬೆಯೇ ತುದಿಯಂತೆ ಕಾಣುತ್ತದೆ. ಅದು ಕಾಂಡದಿಂದ ನಿಮ್ಮತ್ತ 5 ಮೀಟರ್ ಈಚೆಗೆ ಇದೆ ಎಂದುಕೊಳ್ಳಿ. 45 ಡಿಗ್ರಿಯಲ್ಲಿ ನೋಡಿದರೆ ಮರದ ಎತ್ತರಕ್ಕೆ ಸುಮ್ನೆ 5 ಮೀಟರ್ ಸೇರಿಕೊಂಡಿತು. ಜಾಗ ಸಾಲದೆ ಹತ್ತಿರ ನಿಂತು 60 ಡಿಗ್ರಿಯಲ್ಲಿ ನೋಡಿದರೆ ಆ ತಪ್ಪು ಎಂಟೂವರೆ ಮೀಟರ್ ದಾಟುತ್ತದೆ. ಸಾಧನ ಎಷ್ಟೇ ದುಬಾರಿ ಇರಲಿ, ಈ ತಪ್ಪು ಹೋಗುವುದಿಲ್ಲ. ಲಕ್ಷ ರೂಪಾಯಿಯ ಸಾಧನವೂ ಟ್ಯಾಂಜೆಂಟ್ ಹಾಕಿದರೆ ಕೋನಮಾಪಕದ ಅಣ್ಣನೇ.

ಅರಣ್ಯ ಸಮೀಕ್ಷೆಯವರು ಬಳಸುವ ವರ್ಟೆಕ್ಸ್ ಸಾಧನವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದರ ಟ್ರಾನ್ಸ್‌ಪಾಂಡರನ್ನು ಕಾಂಡಕ್ಕೆ ಸಿಕ್ಕಿಸಿದರೆ ದೂರವನ್ನು ಶ್ರವಣಾತೀತ ಶಬ್ದದಿಂದ ಅಳೆಯುತ್ತದೆ. ಪೊದೆ ಅಡ್ಡ ಇದ್ದರೂ ದೂರ ಸಿಗುತ್ತದೆ, ಅದು ದೊಡ್ಡ ಗುಣ. ಶಬ್ದದ ವೇಗ ಬಿಸಿಲಿಗೆ ಬದಲಾಗುವುದರಿಂದ ಮೊದಲು ಟೇಪಿಗೆ ಹೊಂದಿಸಿಕೊಳ್ಳಬೇಕು. ಎತ್ತರಕ್ಕೆ ಮಾತ್ರ ಮತ್ತದೇ ಟ್ಯಾಂಜೆಂಟ್. ನೂರಾರು ಮರಗಳನ್ನು ಬೇಗ ಬೇಗ ಅಳೆಯುವವರಿಗೆ ಅದು ಸರಿ. ಒಂದೇ ಒಂದು ದೈತ್ಯ ಮರಕ್ಕಾಗಿ ಅದನ್ನು ಕೊಳ್ಳಬೇಡಿ.

ಫೈಬರ್ ದೋಟಿ ಮತ್ತು ಫೋಟೋ

ನಮ್ಮ ಕಡೆಯವರಿಗೆ ಮಾತ್ರ ಸಲೀಸಾದ ಆಯ್ಕೆ ಇದು. ಈಗ ಅಡಿಕೆ ಕೊನೆ ಕೊಯ್ಯಲು, ಔಷಧಿ ಹೊಡೆಯಲು ಎಷ್ಟೋ ಮನೆಗಳಲ್ಲಿ ಫೈಬರ್ ದೋಟಿ ಇದೆ. 60 ಅಡಿ ಚಾಚುವ ದೋಟಿ ಎಂದರೆ 18 ಮೀಟರಿನ ಅಳತೆಗೋಲು ನಿಮ್ಮ ಕೊಟ್ಟಿಗೆಯಲ್ಲೇ ಇದೆ ಎಂದಾಯಿತು.

ಅದನ್ನು ಪೂರ್ತಿ ಚಾಚಿ ಕಾಂಡಕ್ಕೆ ತಾಗಿಸಿ ನೆಟ್ಟಗೆ ಹಿಡಿಯಿರಿ. ತುದಿಗೆ ಬಿಳಿ ಬಟ್ಟೆ ಕಟ್ಟಿ. ಇನ್ನೊಬ್ಬರು ದೂರದಿಂದ ಫೋಟೋ ತೆಗೆಯಲಿ. ಫೋಟೋದಲ್ಲಿ ದೋಟಿ 6 ಸೆಂಟಿಮೀಟರ್, ಮರ 13 ಸೆಂಟಿಮೀಟರ್ ಬಂದರೆ ಮರ ಸುಮಾರು 130 ಅಡಿ, ಅಂದರೆ 39.6 ಮೀಟರ್. ಹತ್ತಿರದಿಂದ ಫೋನ್ ಮೇಲಕ್ಕೆ ವಾಲಿಸಿ ತೆಗೆದರೆ ಮೇಲಿನ ಭಾಗ ಕುಗ್ಗಿ ಲೆಕ್ಕ ಕೆಡುತ್ತದೆ. ಆದ್ದರಿಂದ ಆದಷ್ಟು ದೂರ ಹೋಗಿ, ಝೂಮ್ ಹಾಕಿ, ಫೋನನ್ನು ವಾಲಿಸದೆ ತೆಗೆಯಬೇಕು. ಎದುರಿನ ಗುಡ್ಡದ ಬೇಣ, ಅಂದರೆ ಹುಲ್ಲುಗಾವಲು, ಇದಕ್ಕೆ ಹೇಳಿ ಮಾಡಿಸಿದ ಜಾಗ. ಮರದ ನಡುಮಟ್ಟಕ್ಕೆ ನೀವು ನಿಂತರೆ ಬುಡವೂ ತುದಿಯೂ ಒಂದೇ ಅಳತೆಯಲ್ಲಿ ಬರುತ್ತವೆ.

ತೋಟದ ತಲೆಯ ಬೆಟ್ಟದಲ್ಲಿ ಇರುವ ಮರಕ್ಕೆ ಇದು ಆ್ಯಪಿಗಿಂತ ಮೇಲು ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿ ನೋಟ ಬಿಚ್ಚಿಕೊಂಡಿರುತ್ತದೆ, ದೋಟಿ ಹಿಡಿದು ಪಳಗಿದವರೂ ಇರುತ್ತಾರೆ. ಕಾಡಿನ ಒಳಗೆ ಉಪಯೋಗವಿಲ್ಲ. ಇನ್ನೊಂದು ಎಚ್ಚರಿಕೆ: ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ವಿದ್ಯುತ್ ತಂತಿ ಹತ್ತಿರ ಇರುವ ಕಡೆ ದೋಟಿ ಎತ್ತುವ ಮಾತೇ ಬೇಡ.

ಲೇಸರ್ ಮತ್ತು ಸೈನ್ ಲೆಕ್ಕ

ಕಾಡಿನ ಮರ ಅಳೆಯುವವರು ಕೊನೆಗೆ ಬಂದು ನಿಲ್ಲುವುದು ಇಲ್ಲಿಗೆ. ನಾನೂ ಇದರ ಕಡೆಯವನೇ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ಇಲ್ಲಿ ಕಾಂಡಕ್ಕೆ ಎಷ್ಟು ದೂರ ಎನ್ನುವುದು ಬೇಕಾಗಿಲ್ಲ. ನಿಂತಲ್ಲಿಂದ ನೇರ ತುದಿಗೇ ಲೇಸರ್ ಹೊಡೆಯುತ್ತೀರಿ. ಎಷ್ಟು ದೂರ, ಎಷ್ಟು ಕೋನ ಎಂದು ಸಾಧನ ಹೇಳುತ್ತದೆ. ಆ ದೂರವನ್ನು ಕೋನದ ಸೈನ್‌ನಿಂದ ಗುಣಿಸಿದರೆ ನಿಮ್ಮ ಕಣ್ಣಿನ ಮಟ್ಟದಿಂದ ತುದಿಗೆ ಇರುವ ಎತ್ತರ. ಬುಡಕ್ಕೂ ಹಾಗೇ ಮಾಡಿ. ಬುಡ ಕಣ್ಣಿಗಿಂತ ಕೆಳಗಿದ್ದರೆ ಕೂಡಿಸಿ, ಮೇಲಿದ್ದರೆ ಕಳೆಯಿರಿ. ಮುಗಿಯಿತು. ಇಳಿಜಾರು ಅಡ್ಡ ಬರುವುದಿಲ್ಲ. ಕೊಂಬೆ ಈಚೆಗೆ ಚಾಚಿದ್ದರೂ ತೊಂದರೆ ಇಲ್ಲ, ಯಾಕೆಂದರೆ ಆ ಕೊಂಬೆಗೇ ಎಷ್ಟು ದೂರ ಎಂದು ಅಳೆದಿದ್ದೀರಿ.

ಲೆಕ್ಕಕ್ಕೊಂದು ಉದಾಹರಣೆ. ತುದಿಗೆ 50 ಮೀಟರ್, ಕೋನ 50 ಡಿಗ್ರಿ. ಬುಡಕ್ಕೆ 37 ಮೀಟರ್, ಕೋನ ಕೆಳಕ್ಕೆ 6 ಡಿಗ್ರಿ. ಸೈನ್ ಲೆಕ್ಕದಲ್ಲಿ ಮೇಲಿನ ಪಾಲು 38.3, ಕೆಳಗಿನ ಪಾಲು 3.9, ಒಟ್ಟು 42.2 ಮೀಟರ್. ಇದೇ ಜಾಗದಲ್ಲಿ ಇದೇ ಕೋನಗಳನ್ನು ಇಟ್ಟುಕೊಂಡು ಟ್ಯಾಂಜೆಂಟ್ ಹಾಕಿದರೆ 47.7 ಬರುತ್ತದೆ. ಐದೂವರೆ ಮೀಟರ್ ಗಾಳಿಯಲ್ಲಿ ಬೆಳೆಯಿತು! ಆ ತುದಿ ಕಾಂಡಕ್ಕಿಂತ ಐದು ಮೀಟರಿನಷ್ಟು ಈಚೆಗೆ ಇದ್ದದ್ದೇ ಕಾರಣ. ಕೋನ ಒಂದು ಡಿಗ್ರಿ ತಪ್ಪಿದರೂ ಸೈನ್ ಲೆಕ್ಕಕ್ಕೆ ಆಗುವ ಪೆಟ್ಟು ಕಡಿಮೆ, 45 ಡಿಗ್ರಿಯಲ್ಲಿ ಟ್ಯಾಂಜೆಂಟಿನ ಅರ್ಧದಷ್ಟು.

ಇದಕ್ಕೆ ಇನ್ನೊಂದು ಒಳ್ಳೆಯ ಗುಣ ಇದೆ. ನಿಜವಾದ ತುದಿ ಕಾಣದೆ ಬೇರೆ ಕೊಂಬೆಗೆ ಹೊಡೆದರೆ ಉತ್ತರ ಕಡಿಮೆ ಬರುತ್ತದೆ, ಜಾಸ್ತಿ ಬರುವುದಿಲ್ಲ. ಆದ್ದರಿಂದ ನಾಲ್ಕು ಕಡೆಯಿಂದ ನಾಲ್ಕಾರು ಕೊಂಬೆಗಳಿಗೆ ಹೊಡೆದು, ಬಂದದ್ದರಲ್ಲಿ ದೊಡ್ಡದನ್ನು ಇಟ್ಟುಕೊಂಡರೆ ಸಾಕು. ಟ್ಯಾಂಜೆಂಟ್ ವಿಧಾನದಲ್ಲಿ ಹೀಗೆ ಮಾಡಿದರೆ ಅತಿ ದೊಡ್ಡ ತಪ್ಪನ್ನೇ ಆರಿಸಿದಂತೆ.

ಬೆಲೆ? ಕೋನವನ್ನೂ ತೋರಿಸುವ ಗಾಲ್ಫ್ ಲೇಸರುಗಳು ಹತ್ತು ಸಾವಿರದ ಆಸುಪಾಸಿನಿಂದ ಶುರುವಾಗುತ್ತವೆ. ಕೊಳ್ಳುವ ಮೊದಲು ಎರಡು ವಿಷಯ ನೋಡಿ. ದೂರವನ್ನು ಪೂರ್ತಿ ಮೀಟರಿನಲ್ಲಿ ಮಾತ್ರ ತೋರಿಸುತ್ತದಾ, ದಶಾಂಶವೂ ಬರುತ್ತದಾ? ಕೋನ ಡಿಗ್ರಿಯಲ್ಲಿ ಕಾಣುತ್ತದಾ, ಇಲ್ಲ ಗಾಲ್ಫ್ ಆಟಕ್ಕೆ ಬೇಕಾದ ಲೆಕ್ಕವನ್ನಷ್ಟೇ ಕೊಡುತ್ತದಾ? ಎರಡನೆಯದಾದರೆ ಬಿಟ್ಟುಬಿಡಿ. ನಿಕಾನ್ ಫಾರೆಸ್ಟ್ರಿ ಪ್ರೊದಂಥ ಅರಣ್ಯದವರ ಲೇಸರ್ ಹಲವು ಪಟ್ಟು ದುಬಾರಿ. ಆದರೆ ಎತ್ತರದ ಲೆಕ್ಕ ಅದೇ ಮಾಡಿಕೊಡುತ್ತದೆ. ಅದರಲ್ಲಿ ಎರಡು ಬಿಂದುವಿನ ಆಯ್ಕೆ ಬಳಸಿ. ಮೂರು ಬಿಂದುವಿನ ಆಯ್ಕೆಯಲ್ಲಿ ಮತ್ತೆ ಕಾಂಡದ ದೂರ, ಮತ್ತೆ ಟ್ಯಾಂಜೆಂಟ್. ಹತ್ತಿರದ ಎಲೆ ಬಿಟ್ಟು ದೂರದ ವಸ್ತುವನ್ನು ಓದುವ ಆಯ್ಕೆ ಇದ್ದರೆ ನಮ್ಮ ಕಾಡಿಗೆ ಅದು ಬೇಕೇ ಬೇಕು.

ಕೊರತೆ ಇಲ್ಲ ಎಂದಲ್ಲ. ಮಂಜು ಮುಸುಕಿದಾಗ ಲೇಸರ್ ಮಂಜಿಗೇ ತಾಗಿ ವಾಪಸ್ ಬರುತ್ತದೆ. ಬುಡ ಪೊದೆಯಲ್ಲಿ ಮುಚ್ಚಿದ್ದರೆ ಕಾಂಡದ ಮೇಲೆ ಕಾಣುವ ಎತ್ತರಕ್ಕೆ ಒಂದು ಗುರುತು ಕಟ್ಟಿ, ಅಲ್ಲಿಗೆ ಹೊಡೆದು, ಗುರುತಿನಿಂದ ನೆಲಕ್ಕೆ ಟೇಪು ಹಿಡಿದು ಕೂಡಿಸಬೇಕು. ಇದಕ್ಕೆ ಇಬ್ಬರು ಬೇಕು.

ಡ್ರೋನ್

ಎಲ್ಲರಿಗೂ ಇಷ್ಟ, ನನಗೆ ಅಷ್ಟಿಲ್ಲ. ಡ್ರೋನನ್ನು ತುದಿಯ ಸಮಕ್ಕೆ ಏರಿಸಿ, ಕ್ಯಾಮೆರಾ ಅಡ್ಡಕ್ಕೆ ನೇರ ನೋಡುವಂತೆ ಇಟ್ಟು, ಹಾರಿದ ಜಾಗದಿಂದ ಎಷ್ಟು ಮೇಲಿದೆ ಎಂದು ಓದುವುದು ವಿಧಾನ. ತುದಿ ಯಾವುದು ಎಂಬ ಗೊಂದಲವೇ ಇರುವುದಿಲ್ಲ. ಆದರೆ ಸಣ್ಣ ಡ್ರೋನುಗಳು ಎತ್ತರವನ್ನು ಗಾಳಿಯ ಒತ್ತಡದಿಂದ ಅಂದಾಜು ಮಾಡುತ್ತವೆ, ಅದು ಹಾರುತ್ತಾ ಹಾರುತ್ತಾ ಸರಿಯುತ್ತದೆ. ಹಾರಿಸಲು ಕಾಡಿನಲ್ಲಿ ತೆರವು ಬೇಕು. ಆ ತೆರವಿಗೂ ಮರದ ಬುಡಕ್ಕೂ ಇರುವ ಏರುಪೇರನ್ನು ಬೇರೆ ಅಳೆಯಬೇಕು.

ಕಾನೂನಿನ ತೊಡಕು ಇದಕ್ಕಿಂತ ದೊಡ್ಡದು. ಅಣಶಿ ರಾಷ್ಟ್ರೀಯ ಉದ್ಯಾನ ಮತ್ತು ದಾಂಡೇಲಿ ಅಭಯಾರಣ್ಯ ಸೇರಿ ಆದದ್ದು ಇಂದಿನ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಕಾರವಾರದ ಕಡೆ ಅರಗಾದ ನೌಕಾನೆಲೆ ಇದೆ, ಒಳಗೆ ಕೈಗಾ ಅಣುವಿದ್ಯುತ್ ಸ್ಥಾವರ ಇದೆ. 2021ರ ಡ್ರೋನ್ ನಿಯಮಗಳಂತೆ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಹಂಚಿದ್ದಾರೆ. ಆ ಬಣ್ಣಗಳನ್ನು ತೋರಿಸುವ ಸರಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹೊರಡಬೇಡಿ. ಇನ್ನು ಹೆಜ್ಜೇನು. ಜರ್ಮಲೆಯಂಥ ಎತ್ತರದ ಮರಗಳ ಕೊಂಬೆಗಳಲ್ಲಿ ಸಾಲು ಸಾಲು ತೊಟ್ಟಿ ಕಟ್ಟಿರುತ್ತವೆ. ಅದರ ಪಕ್ಕಕ್ಕೆ ಗುಂಯ್‌ಗುಡುವ ಯಂತ್ರ ಕಳಿಸಿದರೆ ಕೆಳಗೆ ನಿಂತವರ ಗತಿ ಏನು?

ಮರ ಹತ್ತಿ ಟೇಪು ಬಿಡುವುದು

ಅತಿ ನಂಬಿಕೆಯ ಅಳತೆ ಇಂದಿಗೂ ಇದೇ. ಮಲೇಷ್ಯಾದ ಸಬಾದಲ್ಲಿ ದಾನುಂ ಕಣಿವೆಯ ‘ಮೆನಾರಾ’ ಎಂಬ ಮರವನ್ನು ಮೊದಲು ವಿಮಾನದ ಲೇಸರ್ ಸಮೀಕ್ಷೆ ಗುರುತಿಸಿತು. ಆಮೇಲೆ 2019ರಲ್ಲಿ ಒಬ್ಬರು ಮರದ ತುದಿಗೆ ಹತ್ತಿ ಅಲ್ಲಿಂದ ಟೇಪು ಇಳಿಬಿಟ್ಟ ಮೇಲೆಯೇ 100.8 ಮೀಟರ್ ಎಂಬ ಅಂಕಿ ಗಟ್ಟಿಯಾಯಿತು. ಅದು ನಮ್ಮ ಧೂಮ, ಹೈಗ, ಸಾಲುಧೂಪಗಳ ಕುಟುಂಬದ್ದೇ ಮರ, ದೂರದ ನೆಂಟ.

ಹಾಗಂತ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನು ಕರೆದು ಹತ್ತಿಸುವ ಯೋಚನೆ ಬೇಡ. ಅಡಿಕೆ ಮರ ಹತ್ತುವ ಕೌಶಲವೇ ಬೇರೆ. ತೋಳಿಗೆ ಸಿಗದ ದಪ್ಪದ, 20 ಮೀಟರ್ ತನಕ ಕೊಂಬೆಯೇ ಇಲ್ಲದ ಕಾಂಡ ಹತ್ತುವುದೇ ಬೇರೆ. ಹಗ್ಗದ ತರಬೇತಿ ಪಡೆದವರು, ಸರಿಯಾದ ಸಾಮಗ್ರಿ, ಇಲಾಖೆಯ ಒಪ್ಪಿಗೆ ಮೂರೂ ಇದ್ದರೆ ಮಾತ್ರ. ಲೇಸರಿನಲ್ಲಿ ಅಳೆದ ಅಂಕಿ ದಾಖಲೆಯ ಹತ್ತಿರ ಬಂದಾಗಲಷ್ಟೇ ಇಷ್ಟು ಖರ್ಚಿಗೆ ಅರ್ಥ.

ಉಪಗ್ರಹದ ಮಾಹಿತಿಯಿಂದ ಮಾಡಿದ, ಕಾಡಿನ ಎತ್ತರ ತೋರಿಸುವ ನಕ್ಷೆಗಳೂ ಉಚಿತವಾಗಿ ಸಿಗುತ್ತವೆ. ಬಾಹ್ಯಾಕಾಶದಿಂದ ಕಾಡಿನ ಎತ್ತರ ಅಳೆಯುವ ನಾಸಾದ ಗೆಡಿ ಸಾಧನದ ಒಂದೊಂದು ಲೇಸರ್ ಗುರುತೂ ನೆಲದಲ್ಲಿ ಸುಮಾರು 25 ಮೀಟರ್ ಅಗಲ. ಒಂದು ಮರವನ್ನು ಅದರಿಂದ ಅಳೆಯಲಾಗದು. ಯಾವ ಕಣಿವೆಯಲ್ಲಿ ಹುಡುಕಬೇಕು ಎಂದು ತಿಳಿಯಲು ಒಳ್ಳೆಯದು.

ಹಾಗಾದರೆ ಯಾರಿಗೆ ಯಾವುದು

ಶಾಲೆಯವರು ಕೋಲು ಮತ್ತು ಕೋನಮಾಪಕಕ್ಕೇ ನಿಲ್ಲಿ. ಬಯಲಿನ, ನೆಟ್ಟಗಿನ ಮರ ಆರಿಸಿ. ಎರಡೂ ವಿಧಾನದಲ್ಲಿ ಅಳೆಸಿ, ಉತ್ತರ ಯಾಕೆ ಬೇರೆ ಬಂತು ಎಂದು ಮಕ್ಕಳೇ ಜಗಳ ಆಡಲಿ.

ಬೆಟ್ಟದ ಮರದ ಯಜಮಾನರು ದೋಟಿ ಮತ್ತು ಫೋಟೋ ಬಳಸಿ. ಸುತ್ತಳತೆಯನ್ನೂ ಬರೆದಿಡಿ. ನಮ್ಮ ದೇಶದಲ್ಲಿ ಅದನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಹಿಡಿಯುತ್ತಾರೆ, ಇಳಿಜಾರಾದರೆ ಮೇಲಿನ ಬದಿಯಿಂದ. ಜರ್ಮಲೆಯಂತೆ ಹಲಗೆಬೇರು ಇದ್ದರೆ ಬೇರು ಮುಗಿದ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಎಂದು ಜೊತೆಗೆ ಬರೆಯಿರಿ.

ಅರಣ್ಯ ಕಾಲೇಜಿನವರು, ಊರೂರಿನ ದೇವರ ಕಾನಿನ ಮರಗಳನ್ನು ಪಟ್ಟಿ ಮಾಡಬೇಕೆನ್ನುವವರು ಲೇಸರ್ ಬಿಟ್ಟು ಬೇರೆ ನೋಡಬೇಡಿ. ನಾಲ್ವರು ಸೇರಿ ಒಂದು ಕೊಂಡರೆ ಯಾರಿಗೂ ಭಾರವಾಗುವುದಿಲ್ಲ. ಅಷ್ಟು ಆಗದಿದ್ದರೆ ಕ್ಲೈನೋಮೀಟರ್ ಎರವಲು ತಂದು ಎರಡು ಎದುರು ಬದಿಗಳಿಂದ ಅಳೆಯಿರಿ. ಎರಡು ಉತ್ತರಗಳ ನಡುವೆ ಬಹಳ ಅಂತರ ಬಂದರೆ ತುದಿ ವಾಲಿದೆ ಎಂದರ್ಥ. ಆಗ ಆ ಅಂಕಿಯನ್ನು ಅಂದಾಜು ಎಂದೇ ಬರೆಯಬೇಕು.

ಪ್ರವಾಸಕ್ಕೆ ಬಂದವರಿಗೆ ಆ್ಯಪ್ ಸಾಕು. ಆದರೆ ಆ ಅಂಕಿ ಹಿಡಿದು ದಾಖಲೆ ಎಂದು ಹೊರಡಬೇಡಿ. ನಮ್ಮ ಕಾಡಿನ ದೈತ್ಯರು ಸಾಮಾನ್ಯವಾಗಿ 40 ಮೀಟರಿನ ಆಚೀಚೆ. 45 ದಾಟಿದರೆ ಮತ್ತೊಮ್ಮೆ ಅಳೆಯಿರಿ, ಇನ್ನೂರು ಅಡಿ ಎಂದು ಬಂದರೆ ಲೆಕ್ಕ ತಪ್ಪಿದೆ ಎಂದುಕೊಳ್ಳಿ.

ಯಾವ ಸಾಧನವಾದರೂ ಹೋಗುವ ಕಾಲ ಮುಖ್ಯ. ಜರ್ಮಲೆ, ನಂದಿಗಳಿಗೆ ಬೇಸಿಗೆಯ ಮೊದಲ ಪಾಲು ಹೊಂದುತ್ತದೆ. ಆಗ ಎಲೆ ಉದುರಿ ತುದಿಯ ಕಡ್ಡಿಯೂ ಕಾಣುತ್ತದೆ. ಧೂಮ ಎಲೆ ಉದುರಿಸುವುದಿಲ್ಲ, ಅದಕ್ಕೆ ಗಾಳಿ ಇಲ್ಲದ ಬೆಳಗು ನೋಡಿ. ಮಳೆಗಾಲದಲ್ಲಿ ಉಂಬಳ ಕಾಲಿಗೆ, ಮಂಜು ಲೇಸರಿಗೆ. ಇಳಿಜಾರಿನ ಮರದ ಬುಡ ಯಾವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಮೇಲ್ಬದಿಯ ನೆಲಕ್ಕೂ ಕೆಳಬದಿಯ ನೆಲಕ್ಕೂ ಒಂದು ಮೀಟರಿನ ವ್ಯತ್ಯಾಸ ಸುಲಭವಾಗಿ ಇರುತ್ತದೆ, ಎರಡರ ನಡುಮಟ್ಟ ಹಿಡಿಯುವುದು ರೂಢಿ. ಎತ್ತರದ ಅಂಕಿಯ ಪಕ್ಕದಲ್ಲೇ ದಿನಾಂಕ, ನಿಂತ ಜಾಗ, ಸಾಧನ ಮತ್ತು ಸೈನೋ ಟ್ಯಾಂಜೆಂಟೋ ಎನ್ನುವುದನ್ನು ಬರೆದಿಟ್ಟರೆ ಮುಂದೆ ಅಳೆಯುವವರು ನಿಮ್ಮ ಅಂಕಿಯ ಜೊತೆ ತಮ್ಮದನ್ನು ಹೋಲಿಸಬಹುದು.